ಎಂಆರ್‌ಐ ಭಯಕ್ಕೆ ಓಬವ್ವನ ಕಿಂಡಿ: ನನ್ನ ಅನುಭವ

ಇಕ್ಕಟ್ಟಿನ ಜಾಗದ ಭಯ ಇರುವವರನ್ನು ಇಕ್ಕಟ್ಟಿನ ಜಾಗಕ್ಕೇ ಕರೆದುಕೊಂಡು ಹೋಗಬೇಕು ಅಂದಾಗ ದಾವಣಗೆರೆಯ ನಮ್ಮ ಮನೋಚಿಕಿತ್ಸಕರ ಬಳಗದಲ್ಲಿ ಯಾರೂ ಒಪ್ಪಿರಲಿಲ್ಲ. "ಅಲ್ಲೇ ಎದೆ ಹಿಡ್ಕಂಡು ಬಿದ್ರೆ ಏನ್ ಮಾಡ್ತೀರಿ ಮೇಡಂ?" ಅಂತ ಹಿರಿಯರೊಬ್ಬರು ಕೇಳಿದ್ದರು. ಈಗ ಕೆಲಸ ಆಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಬಂದವರು ಒಬ್ಬ ಅಕ್ಕಿ ವ್ಯಾಪಾರಿ. ಒಪ್ಪಿಗೆ ಕೊಟ್ಟಿದ್ದಾರೆ, ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಒಂದೇ ಕಿವಿಯಲ್ಲಿ ಸದಾ ಗುಂಯ್ ಅನ್ನುವ ಸದ್ದು. ಡಾಕ್ಟರು ಎಂಆರ್‌ಐ ಬರೆದಿದ್ದರು, ಇಕ್ಕಟ್ಟಿನ ಕೊಳವೆಯೊಳಗೆ ಮಲಗಿಸಿ ಮಾಡುವ ಸ್ಕ್ಯಾನ್. ಎರಡು ಸಲ ಮಲಗಿ, ಎರಡು ಸಲವೂ ಬೆಲ್ ಒತ್ತಿ ಎದ್ದು ಬಂದಿದ್ದರು. ಒಂದು ಕಡೆ ಕಟ್ಟಿದ ಆರೇಳು ಸಾವಿರ ವಾಪಸ್ ಬರಲೇ ಇಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಮೈ ಸಡಿಲಿಸುವುದು, ಕಣ್ಣು ಮುಚ್ಚಿ ಕಲ್ಪಿಸಿಕೊಳ್ಳುವುದು. ಒಂದು ತಿಂಗಳಿಗೂ ಜಾಸ್ತಿ ಹಿಡಿಯಿತು. ಕುರ್ಚಿಯಲ್ಲಿ, ನೂರಕ್ಕೆ ಅವರೇ ಕೊಡುವ ಭಯದ ಅಂಕ 20ಕ್ಕೆ ಇಳಿಯಿತು. ಸ್ಕ್ಯಾನ್ ಸೆಂಟರ್ ಬಾಗಿಲಲ್ಲಿ ಮತ್ತೆ 90! ಆಮೇಲೆ ಮೂವತ್ತು ಸಾವಿರದ ಮೇಲೆ ಸುರಿದು ವಿಆರ್ ಹೆಡ್‌ಸೆಟ್ ತಂದೆ, ಕಣ್ಣಿಗೆ ಕಟ್ಟಿಕೊಂಡರೆ ಬೇರೆ ಜಾಗದಲ್ಲೇ ಇದ್ದಂತೆ ತೋರಿಸುವ ಕನ್ನಡಕ. ಅದರೊಳಗೆ ಲಿಫ್ಟ್ ತೋರಿಸಿದರೆ, "ಇದು ಟೀವಿ ನೋಡ್ದಂಗೆ ಐತ್ರೀ ಮೇಡಂ" ಅಂದರು. ಎತ್ತರದ ಭಯಕ್ಕೆ ವಿಆರ್ ಒಳ್ಳೆಯದೇ. ಆದರೆ ಇವರ ಭಯ ಇದ್ದದ್ದು ಭುಜಕ್ಕೆ ತಾಗುವ ಗೋಡೆಯಲ್ಲಿ, ಮುಖದ ಮೇಲಿನ ಬಿಸಿ ಉಸಿರಿನಲ್ಲಿ. ಅದನ್ನು ಕನ್ನಡಕ ಹೇಗೆ ಕೊಡುತ್ತೆ? ಅರ್ಧ ಬೆಲೆಗೆ ಮಾರಿದೆ.

ಕೊನೆಗೆ ಬಡಗಿಯ ಹತ್ತಿರ ಪ್ಲೈವುಡ್ ಪೆಟ್ಟಿಗೆ ಮಾಡಿಸಿದೆ. ಎಂಆರ್‌ಐ ಯಂತ್ರದ ಬಾಯಿ 60ರಿಂದ 70 ಸೆಂ.ಮೀ. ಅಗಲ ಇರುತ್ತದೆ, ನಾನು 60ನ್ನೇ ಹಿಡಿದೆ. ಕೂಲಿ ಸೇರಿ ನಾಲ್ಕು ಸಾವಿರದ ಹತ್ತಿರ ಬಂತು. ಸ್ಕ್ಯಾನ್‌ನಲ್ಲಿ ತಲೆಗೆ ಹಾಕುವ ಪಂಜರದಂಥ ಕಾಯಿಲ್ ಬದಲು ದೊಡ್ಡ ರಂಧ್ರಗಳಿರುವ ಪ್ಲಾಸ್ಟಿಕ್ ಬುಟ್ಟಿ ಕತ್ತರಿಸಿ ಮುಖದ ಮೇಲೆ ಇಟ್ಟೆ. ಸ್ಪೀಕರ್‌ನಲ್ಲಿ ಯಂತ್ರದ ಟಕಟಕ ಸದ್ದು.

ಒಳಗೆ ಹೋಗುವ ಮೊದಲು ಒಂದು ಚೀಟಿ ಬರೆಸುತ್ತಿದ್ದೆ. "ಐದು ನಿಮಿಷಕ್ಕೆ ಉಸಿರು ಕಟ್ಟುತ್ತೆ" ಅಂತ ಅವರೇ ಬರೆದರು. ಇಪ್ಪತ್ತು ನಿಮಿಷ ಕಳೆದು ಹೊರಬಂದ ಮೇಲೆ ಅವರಿಂದಲೇ ಗಟ್ಟಿಯಾಗಿ ಓದಿಸಿದೆ. ಅಂಕ ಇಳಿಯಲಿ ಅಂತ ನಾನು ಕಾಯಲಿಲ್ಲ. ಅಂದುಕೊಂಡದ್ದು ಆಗಲಿಲ್ಲ ಅನ್ನುವುದು ತಲೆಗೆ ಹೋದರೆ ಸಾಕು. ಪೆಟ್ಟಿಗೆಯಿಂದ ಯಾವಾಗ ಹೊರಗೆ ಕರೆಯಬೇಕು ಅನ್ನುವುದಕ್ಕೆ ನನ್ನದೇ ಒಂದು ಲೆಕ್ಕ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ನಿಜವಾದ ತೊಡಕು ಇದ್ದದ್ದು ಅಂಗಿ ಜೇಬಿನಲ್ಲಿ. ಅಲ್ಲೊಂದು ಭಯದ ಮಾತ್ರೆಯ ಸ್ಟ್ರಿಪ್. ನುಂಗುತ್ತಿರಲಿಲ್ಲ, ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದರು ಅಷ್ಟೇ. ಸ್ಟ್ರಿಪ್ ಜೇಬಿನಲ್ಲಿ ಇರುವ ತನಕ ಬದುಕಿ ಬಂದ ಯಶಸ್ಸೆಲ್ಲ ಮಾತ್ರೆಗೇ ಹೋಗುತ್ತೆ, ಅಲ್ವಾ? ಬರೆದುಕೊಟ್ಟ ಡಾಕ್ಟರ ಜೊತೆ ಮಾತಾಡಿದ ಮೇಲೆ ಮೊದಲು ಹೆಂಡತಿಯ ಬ್ಯಾಗಿಗೆ, ಆಮೇಲೆ ಮನೆಯ ಬೀರುವಿಗೆ ಅದನ್ನು ಕಳಿಸಿದೆವು. ಮುಂದಿನ ಸರದಿ ಮೊಬೈಲ್‌ದು. ಕೊನೆಗೆ, ಹೊರಗೆ ಕಾಯುತ್ತಿದ್ದ ಹೆಂಡತಿಯೂ ಮನೆಯಲ್ಲೇ ಉಳಿದರು.

ಪೆಟ್ಟಿಗೆಯಲ್ಲಿ ಗೆದ್ದದ್ದು ಪೆಟ್ಟಿಗೆಯಲ್ಲೇ ಉಳಿದುಬಿಡುತ್ತೆ. ಅದಕ್ಕೆ ಜಾಗ ಬದಲಿಸುತ್ತಾ ಇರಬೇಕು. ಹೃದಯ ತಪಾಸಣೆ ಮಾಡಿಸಿಕೊಂಡು ಚಿತ್ರದುರ್ಗಕ್ಕೆ ಹೊರಟೆವು. ಅರವತ್ತು ಕಿ.ಮೀ. ದಾರಿ, ಡೀಸೆಲ್ ಅವರದ್ದು. ವಾರದ ದಿನ ಬೆಳಿಗ್ಗೆಯೇ ಹೋಗಬೇಕು, ಭಾನುವಾರ ಜನವೋ ಜನ. ಓಬವ್ವನ ಕಿಂಡಿಯಲ್ಲಿ ಬಗ್ಗಿಕೊಂಡೇ ನುಸುಳಬೇಕು, ಬಂಡೆ ಮೈಗೆ ಉಜ್ಜುತ್ತದೆ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಿದರು ಅನ್ನುವ ಜಾಗ. ಮೊದಲ ಸಲ ಓಡಿದಂತೆ ದಾಟಿದರು. ಹಾಗೆ ದಾಟಿದರೆ ಲೆಕ್ಕಕ್ಕಿಲ್ಲ ಅಂದೆ. ಮತ್ತೆ ಹೋಗಿ ನಡುವೆ ಕೂತರು. ಬೆವರು ಕಿತ್ತು ಬಂತು, ಬಂಡೆಗೆ ಅಂಗೈ ಊರಿ ಕೂತೇ ಇದ್ದರು. ಇನ್ನೊಂದು ದಿನ ಚಂದ್ರವಳ್ಳಿಯ ಅಂಕಲಿ ಮಠದ ಗುಹೆ. ಒಳಗಿನ ಕೋಣೆಯಲ್ಲಿ ಟಾರ್ಚ್ ಆರಿಸಿ ಅಂತ ಗೈಡಿಗೆ ಹೇಳಿದ್ದು ನಾನಲ್ಲ, ಅವರೇ.

ಇದರ ನಡುವೆ ಇಂಜೆಕ್ಷನ್ ಕಂಡರೆ ಬವಳಿ ಬೀಳುವ ಕಾಲೇಜು ಹುಡುಗಿಯೊಬ್ಬಳ ಮೇಲೂ ಒಂದು ಪ್ರಯೋಗ ನಡೆಯಿತು. ಅಲ್ಲಿ ಮೈ ಸಡಿಲಿಸಲು ಹೇಳಲೇಬೇಡಿ. ಆ ಭಯದಲ್ಲಿ ರಕ್ತದೊತ್ತಡ ಮೊದಲು ಏರಿ ಆಮೇಲೆ ದಡಕ್ಕನೆ ಇಳಿಯುತ್ತೆ. ಅದು ಇಳಿಯದಿರಲಿ ಅಂತ, ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಓಸ್ಟ್ 1980ರ ದಶಕದಲ್ಲಿ ತೋರಿಸಿದ ಹಾಗೆ ಕೈ, ಕಾಲು, ಹೊಟ್ಟೆ ಬಿಗಿ ಮಾಡಿಸಿದೆ. ಹತ್ತು-ಹದಿನೈದು ಸೆಕೆಂಡ್, ಮುಖ ಬಿಸಿಯಾಗುವ ತನಕ. ಆಮೇಲೆ ಅರ್ಧ ನಿಮಿಷ ಬಿಡುವು, ಮತ್ತೆ ಬಿಗಿ. ಮೂರ್ನಾಲ್ಕು ವಾರದಲ್ಲಿ ರಕ್ತ ಪರೀಕ್ಷೆಗೆ ಕೂತಳು, ಬೀಳಲಿಲ್ಲ.

ಅಕ್ಕಿ ವ್ಯಾಪಾರಿಯ ಎಂಆರ್‌ಐ ಆಯಿತು. ಅರ್ಧ ಗಂಟೆ ಒಳಗಿದ್ದರು, ಬೆಲ್ ಒತ್ತಲಿಲ್ಲ. ಗಾಬರಿಪಡುವಂಥದ್ದು ಏನೂ ಇಲ್ಲ ಅಂತ ರಿಪೋರ್ಟ್ ಬಂತು. ಪ್ರಶ್ನೆ ಕೇಳಿದ್ದ ಹಿರಿಯರೇ ಈಗ ಇಬ್ಬರನ್ನು ನನ್ನ ಹತ್ತಿರ ಕಳಿಸಿದ್ದಾರೆ.

ಪೆಟ್ಟಿಗೆ ವಿದ್ಯಾನಗರದ ನನ್ನ ಕ್ಲಿನಿಕ್ಕಿನಲ್ಲಿದೆ. ನಮ್ಮ ಜಿಲ್ಲೆಯವರಾಗಲಿ, ದುರ್ಗದವರಾಗಲಿ, ಬೇಕಾದವರು ಒಯ್ಯಬಹುದು. ಬಾಡಿಗೆ ಬೇಡ, ಆಟೋ ಖರ್ಚು ನಿಮ್ಮದು.