ರೆಡಿಮೇಡ್ ಪ್ಯಾಟರ್ನಿನಿಂದ ಡೆನಿಮ್ ಸ್ಕರ್ಟ್: ಫಿಟ್ಟಿಂಗ್ ಆಗಬೇಕಾದ್ದು ಹಾಳೆಯ ಮೇಲೆ

ಲಾಡಿ ಕಟ್ಟುವ ಪರಕಾರಕ್ಕೆ ಸೊಂಟದ ಅಳತೆ ಎರಡಿಂಚು ಆಚೀಚೆ ಆದರೂ ನಡೆಯುತ್ತದೆ, ಎಳೆದು ಗಂಟು ಹಾಕಿದರೆ ಮುಗಿಯಿತು. ಟಕ್ಸ್ (ಸೊಂಟದ ಬಳಿ ಬಟ್ಟೆಯನ್ನು ಮೊನೆಯಾಗಿ ಚಿವುಟಿ ಹಾಕುವ ಹೊಲಿಗೆ), ಜಿಪ್, ಸೊಂಟಪಟ್ಟಿ ಇರುವ ಸ್ಕರ್ಟಿಗೆ ಆ ಸೌಲಭ್ಯವಿಲ್ಲ. ಅರ್ಧ ಇಂಚು ತಪ್ಪಿದರೂ ಹೊಟ್ಟೆಯ ಕೆಳಗೆ ಸುಕ್ಕು ಬೀಳುತ್ತದೆ, ಇಲ್ಲವೇ ಹಿಂದಿನ ಅಂಚು ಮೇಲೆದ್ದು ನಿಲ್ಲುತ್ತದೆ. ಸಿಂಪ್ಲಿಸಿಟಿ, ಮೆಕ್‌ಕಾಲ್ಸ್, ಬಟರಿಕ್, ವೋಗ್ ಪ್ಯಾಟರ್ನ್‌ಗಳನ್ನು (ಕತ್ತರಿಸಬೇಕಾದ ತುಂಡುಗಳ ಆಕಾರ ಅಚ್ಚಾದ ಹಾಳೆಗಳು) ತರಿಸಿಕೊಂಡು ಹೊಲಿದವರು ಬಹಳ ಸಲ ಹೊಲಿಗೆಯನ್ನೇ ಬೈದುಕೊಳ್ಳುತ್ತಾರೆ. ಹೊಲಿಗೆ ಸರಿಯಾಗಿಯೇ ಇರುತ್ತದೆ. ಹಾಳೆಯನ್ನು ತಿದ್ದದೆ ಬಟ್ಟೆಗೆ ಕತ್ತರಿ ಹಾಕಿದ್ದು ತಪ್ಪು.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಮೊಣಕಾಲಿನವರೆಗಿನ ಎ-ಲೈನ್ (ಸೊಂಟದಿಂದ ಕೆಳಕ್ಕೆ ಅಗಲವಾಗುತ್ತ ಹೋಗುವ) ಡೆನಿಮ್ ಸ್ಕರ್ಟ್. ಬಳ್ಳಾರಿ ಹೇಗೂ ಜೀನ್ಸ್ ಹೊಲಿಯುವ ಊರು. ಬಟ್ಟೆ, ದಪ್ಪ ದಾರ, ಲೋಹದ ಜಿಪ್, ಒತ್ತುವ ಗುಂಡಿ, ಓವರ್‌ಲಾಕ್ ಹಾಕಿಕೊಡುವವರು ಯಾವುದಕ್ಕೂ ಹೊರಗಿನಿಂದ ತರಿಸಬೇಕಿಲ್ಲ. ಕೊಪ್ಪಳ, ರಾಯಚೂರಿನವರು ಒಂದೇ ದಿನದಲ್ಲಿ ಹೋಗಿಬರಬಹುದು.

ನಂಬರ್ ಆರಿಸುವುದು

ಕುರ್ತಾ ಅಂಗಡಿಯ ನಂಬರನ್ನು ಮರೆತುಬಿಡಿ. ಈ ನಾಲ್ಕು ಕಂಪನಿಗಳ ಚಾರ್ಟ್ ಬೇರೆಯೇ: ಸೈಜ್ 14ಕ್ಕೆ ಸೊಂಟ 28, ಹಿಪ್ 38 ಇಂಚು, 16ಕ್ಕೆ 30 ಮತ್ತು 40, 18ಕ್ಕೆ 32 ಮತ್ತು 42, 20ಕ್ಕೆ 34 ಮತ್ತು 44. ಈ ನಾಲ್ಕೂ ಸೈಜಿನಲ್ಲಿ ಸೊಂಟಕ್ಕೂ ಹಿಪ್ಪಿಗೂ 10 ಇಂಚಿನ ಅಂತರ. ನಮ್ಮಲ್ಲಿ ಅನೇಕರಿಗೆ, ಅದರಲ್ಲೂ ಹೆರಿಗೆಯಾದ ಮೇಲೆ, ಅಷ್ಟು ಅಂತರ ಇರುವುದಿಲ್ಲ. ಮೈಗೆ ಹತ್ತಿ ಕೂರುವ ಸ್ಕರ್ಟಿಗೆ ಹಿಪ್ ನೋಡಿ ನಂಬರ್ ಆರಿಸಿ, ಸೊಂಟವನ್ನು ಆಮೇಲೆ ತಿದ್ದಿಕೊಳ್ಳಿ. ಹಿಪ್ಪಿನ ಆಕಾರ ಬದಲಿಸುವುದಕ್ಕಿಂತ ಸೊಂಟ ಬದಲಿಸುವುದು ಎಷ್ಟೋ ಸುಲಭ. ನೆರಿಗೆಯ ಸ್ಕರ್ಟಿಗೆ ಮಾತ್ರ ಸೊಂಟ ನೋಡಿದರೆ ಸಾಕು.

ಮೈ ಅಳತೆಗೆ ನೀವೇ ಲೂಸ್ ಸೇರಿಸಿ ನಂಬರ್ ಹುಡುಕಬೇಡಿ. ಚಾರ್ಟಿನಲ್ಲಿರುವುದು ಮೈಯ ಅಳತೆ; ಲೂಸ್ ಆಗಲೇ ಪ್ಯಾಟರ್ನಿನೊಳಗಿದೆ. ಹಿಪ್ 40 ಇದ್ದವರು ಎರಡು ಸೇರಿಸಿ 42 ಎಂದು ಹುಡುಕಿದರೆ ಎರಡು ಸಲ ಲೂಸ್ ಕೊಟ್ಟಂತಾಗುತ್ತದೆ. ಹೊಲಿದಾದ ಮೇಲಿನ ಹಿಪ್ ಎಷ್ಟು ಬರುತ್ತದೆ ಎಂಬುದು ಹಾಳೆಯ ಮೇಲೆ, ವೃತ್ತದೊಳಗೆ ಕೂಡಿಸುವ ಗುರುತಿರುವ ಚಿಹ್ನೆಯ ಹತ್ತಿರ ಅಚ್ಚಾಗಿರುತ್ತದೆ. ಅದು ನಿಮ್ಮ ಮೈಗಿಂತ ಕನಿಷ್ಠ 2 ಇಂಚು ಹೆಚ್ಚಿರಲಿ. ದಪ್ಪ ಡೆನಿಮ್ ಆದರೆ ಎರಡೂವರೆ ಇಟ್ಟುಕೊಳ್ಳಿ, ಕುಳಿತಾಗ ಬಿಗಿಯುವುದಿಲ್ಲ.

ಪಿಡಿಎಫ್ ಕೊಂಡಿದ್ದರೆ ಝೆರಾಕ್ಸ್ ಅಂಗಡಿಯಲ್ಲಿ ಒಂದು ಮಾತು ಖಡಾಖಂಡಿತವಾಗಿ ಹೇಳಿ: ನೂರು ಪರ್ಸೆಂಟ್, ಆ್ಯಕ್ಚುವಲ್ ಸೈಜ್. ‘ಫಿಟ್ ಟು ಪೇಜ್’ ಬಿಟ್ಟರೆ ಕೆಟ್ಟಿತು. ಮೊದಲು ಪರೀಕ್ಷೆಯ ಚೌಕ ಇರುವ ಒಂದು ಹಾಳೆಯನ್ನಷ್ಟೇ ತೆಗೆಸಿ, ಟೇಪ್ ಹಿಡಿದು ನೋಡಿ. 4 ಇಂಚಿನ ಚೌಕ ಅರೆಕಾಲು ಇಂಚು ಕಡಿಮೆ ಬಂದರೆ ಕಣ್ಣಿಗೆ ಗೊತ್ತೇ ಆಗುವುದಿಲ್ಲ, ಆದರೆ 42 ಇಂಚಿನ ಹಿಪ್ಪಿನಲ್ಲಿ ಅದು ಒಂದೂಕಾಲು ಇಂಚಿಗಿಂತ ಹೆಚ್ಚಿನ ನಷ್ಟ. ಎ4 ಹಾಳೆಗಳನ್ನು ಅಂಟಿಸುವ ತಲೆನೋವು ಬೇಡವೆಂದರೆ ಮನೆ ನಕ್ಷೆ ಪ್ರಿಂಟ್ ಮಾಡುವ ಅಂಗಡಿಯಲ್ಲಿ ದೊಡ್ಡ ಹಾಳೆಯ ಮೇಲೆ ಒಟ್ಟಿಗೇ ತೆಗೆಸಬಹುದು.

ಮಾರ್ಜಿನ್ ವಿಷಯ

ಮಾರ್ಜಿನ್ ಎಂದರೆ ಹೊಲಿಗೆಯ ಗೆರೆಯಿಂದ ಬಟ್ಟೆಯ ಅಂಚಿನವರೆಗೆ ಬಿಡುವ ಜಾಗ. ಮನೆ ಹೊಲಿಗೆಯವರು ಅರ್ಧ ಇಂಚಿನ ಮಾರ್ಜಿನ್‌ಗೆ ಒಗ್ಗಿಹೋಗಿರುತ್ತಾರೆ. ಈ ಪ್ಯಾಟರ್ನ್‌ಗಳಲ್ಲಿ ಮಾರ್ಜಿನ್ 5/8 ಇಂಚು, ಅಂದರೆ ಒಂದೂವರೆ ಸೆಂಟಿಮೀಟರ್, ಮತ್ತು ಅದು ಹಾಳೆಯ ಗೆರೆಯೊಳಗೇ ಸೇರಿದೆ. ಅಭ್ಯಾಸಬಲದಿಂದ ಅರ್ಧ ಇಂಚಿಗೆ ಹೊಲಿದರೆ ಎರಡು ಪಕ್ಕ, ಹಿಂದಿನ ನಡು ಸೇರಿ ಮೂರು ಹೊಲಿಗೆ. ಒಂದೊಂದಕ್ಕೂ ಎರಡು ಬದಿ, ಬದಿಗೆ ಅರೆಕಾಲು ಇಂಚು. ಸ್ಕರ್ಟ್ ಮುಕ್ಕಾಲು ಇಂಚು ದೊಡ್ಡದಾಗುತ್ತದೆ, ಸೊಂಟಪಟ್ಟಿ ಮಾತ್ರ ಇದ್ದಷ್ಟೇ ಇರುತ್ತದೆ, ಎರಡೂ ಕೂಡುವುದಿಲ್ಲ. ಸೂಜಿಯಿಂದ ಒಂದೂವರೆ ಸೆಂಟಿಮೀಟರ್ ಅಳೆದು ಮಷಿನ್ ತಟ್ಟೆಯ ಮೇಲೆ ಬಣ್ಣದ ಟೇಪ್ ಅಂಟಿಸಿ, ಬಟ್ಟೆಯ ಅಂಚು ಅದಕ್ಕೆ ತಾಗುತ್ತ ಹೋಗಲಿ. ಬುರ್ಡಾ ಮ್ಯಾಗಜಿನ್ನಿನ ಪ್ಯಾಟರ್ನ್‌ಗಳ ದಾರಿ ಬೇರೆ: ಅವುಗಳಲ್ಲಿ ಮಾರ್ಜಿನ್ ಇರುವುದಿಲ್ಲ, ನೀವೇ ಬಿಡಬೇಕು.

ಇನ್ನೊಂದು. ನಮ್ಮ ಟೇಲರ್‌ಗಳು ಮುಂದೆ ಬಿಡಿಸಲಿಕ್ಕೆಂದು ಒಳಗೆ ಬಟ್ಟೆ ಬಿಡುತ್ತಾರಲ್ಲ, ಆ ಪದ್ಧತಿ ಒಳ್ಳೆಯದೇ. ಪಕ್ಕದ ಹೊಲಿಗೆಗೆ ಮಾತ್ರ ಒಂದು ಇಂಚು ಬಿಟ್ಟು ಕತ್ತರಿಸಿ, ಹೊಲಿಯುವ ಗೆರೆಯನ್ನು ಚಾಕ್‌ನಿಂದ ಸ್ಪಷ್ಟವಾಗಿ ಎಳೆದುಕೊಳ್ಳಿ. ಸೊಂಟದ ಅಂಚಿಗೆ ಹೀಗೆ ಮಾಡಬೇಡಿ, ಬಾಗಿದ ಅಂಚಿನಲ್ಲಿ ಹೆಚ್ಚಿನ ಬಟ್ಟೆ ತೊಂದರೆಯನ್ನೇ ಕೊಡುತ್ತದೆ.

ಹಾಳೆಯ ಮೇಲೆ ತಿದ್ದುವುದು

ಕಾಲಿಂಚಿನ ಎಲಾಸ್ಟಿಕ್ ತುಂಡೊಂದನ್ನು ನಡುವಿಗೆ ಕಟ್ಟಿ ಎರಡು ಸಲ ಬಗ್ಗಿ ಏಳಿ. ಅದು ಸರಿದು ನಿಂತ ಜಾಗವೇ ನಿಮ್ಮ ಸೊಂಟ. ಅಲ್ಲಿಂದ ಹಿಪ್ಪಿನ ಅತಿ ದಪ್ಪ ಜಾಗಕ್ಕೆ ಎಷ್ಟು ಇಳಿತ ಎಂದು ಪಕ್ಕದಲ್ಲಿ ಅಳೆಯಿರಿ. ಆಮೇಲೆ ಬೇರೆಯವರ ಕೈಲಿ ಎಲಾಸ್ಟಿಕ್ಕಿನಿಂದ ನೆಲದವರೆಗೆ ಮುಂದೆ, ಪಕ್ಕ, ಹಿಂದೆ ಮೂರು ಕಡೆ ಅಳೆಸಿ. ನೀವೇ ಬಗ್ಗಿ ಅಳೆದರೆ ಅಳತೆ ಸುಳ್ಳಾಗುತ್ತದೆ.

ಪ್ಯಾಟರ್ನ್ ಮಾಡಿರುವುದು ಸುಮಾರು 5 ಅಡಿ 5 ಇಂಚು ಎತ್ತರದವರಿಗೆ, ಹಿಪ್ ಗೆರೆ ಸೊಂಟದಿಂದ 9 ಇಂಚು ಕೆಳಗೆ. 5 ಅಡಿ ಎತ್ತರದವರಿಗೆ ಅದು ಏಳೂವರೆಗೇ ಬಂದುಬಿಡಬಹುದು. ಇಂಥವರು ಕೆಳಗಿನಿಂದಷ್ಟೇ ಕತ್ತರಿಸಿ ಉದ್ದ ಕಡಿಮೆ ಮಾಡಿದರೆ ಸ್ಕರ್ಟಿನ ಅಗಲದ ಜಾಗ ತೊಡೆಯ ಮೇಲೆ ಬಂದು ಎರಡೂ ಪಕ್ಕ ಕಿವಿ ಎದ್ದಂತೆ ಉಬ್ಬುತ್ತದೆ. ಸೊಂಟಕ್ಕೂ ಹಿಪ್ಪಿಗೂ ನಡುವೆ, ಎಳೆಯ ಬಾಣಕ್ಕೆ (ಬಟ್ಟೆಯ ಉದ್ದದ ಎಳೆ ಯಾವ ಕಡೆ ಬರಬೇಕೆಂದು ಹಾಳೆಯಲ್ಲಿ ತೋರಿಸುವ ಗೆರೆ) ನೇರ ಅಡ್ಡವಾಗಿ ಒಂದು ಗೆರೆ ಎಳೆದು ಅಲ್ಲಿ ಹಾಳೆ ಮಡಚಿ. ಒಂದೂವರೆ ಇಂಚು ಕಡಿಮೆಯಾಗಬೇಕೆಂದರೆ ಮಡಿಕೆಯ ಆಳ ಮುಕ್ಕಾಲು ಇಂಚು. ಮುಂದಿನ, ಹಿಂದಿನ ತುಂಡು ಎರಡಕ್ಕೂ ಒಂದೇ ಎತ್ತರದಲ್ಲಿ ಮಾಡಿ, ಮುರಿದ ಪಕ್ಕದ ಗೆರೆಯನ್ನು ಮತ್ತೆ ನಯವಾಗಿ ಎಳೆಯಿರಿ. ಟಕ್ಸ್ ಮತ್ತು ಜಿಪ್ಪಿನ ಗುರುತುಗಳನ್ನೂ ಸೊಂಟದಿಂದ ಹೊಸದಾಗಿ ಅಳೆದು ಹಾಕಿ.

ಈಗ ಸೊಂಟ. ಹಿಪ್ 40, ಸೊಂಟ 33 ಎಂದುಕೊಳ್ಳಿ. ಸೈಜ್ 16ರ ಹಾಳೆ ಸೊಂಟಕ್ಕೆ 30 ಕೊಡುತ್ತದೆ, 3 ಇಂಚು ಬೇಕು. ಎಲ್ಲವನ್ನೂ ಪಕ್ಕದಲ್ಲೇ ಸೇರಿಸಬೇಡಿ, ಪಕ್ಕದ ಗೆರೆ ನೆಟ್ಟಗಾಗಿ ಸೊಂಟದ ಬಾಗು ಹೋಗಿಬಿಡುತ್ತದೆ. ಅರ್ಧವನ್ನು ಪಕ್ಕದಿಂದ, ಅರ್ಧವನ್ನು ಟಕ್ಸ್‌ನಿಂದ ತೆಗೆಯಿರಿ. ಪಕ್ಕದ ಬದಿಗಳು ನಾಲ್ಕು, ಒಂದೊಂದಕ್ಕೆ ಸೊಂಟದಲ್ಲಿ 3/8 ಇಂಚು ಹೊರಗೆ ಹೋಗಿ ಹಿಪ್ ಗೆರೆಯಲ್ಲಿ ಹಳೆಯ ಗೆರೆಗೆ ಬಾಗಿ ಕೂಡಿಕೊಳ್ಳಿ. ಅಲ್ಲಿಗೆ ಒಂದೂವರೆ. ಟಕ್ಸ್ ನಾಲ್ಕು, ಒಂದೊಂದರ ಅಗಲದಲ್ಲಿ 3/8 ಇಂಚು ಕಡಿಮೆ ಮಾಡಿದರೆ ಇನ್ನೊಂದೂವರೆ. ಹೊಟ್ಟೆ ಮುಂದಿರುವವರು ಮುಂದಿನ ಟಕ್ಸನ್ನೇ ಹೆಚ್ಚು ಕಡಿಮೆ ಮಾಡಬಹುದು, ಪೂರ್ತಿ ತೆಗೆದರೂ ತಪ್ಪಿಲ್ಲ. ಹೊಟ್ಟೆ ಸೊಂಟದಿಂದಲೇ ಉಬ್ಬಿರುವಾಗ ಅಲ್ಲಿ ಚಿವುಟಲು ಏನೂ ಇರುವುದಿಲ್ಲ.

ಬಹಳ ಜನ ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ. ಸೊಂಟಪಟ್ಟಿಯ ಹಾಳೆಗೂ ಅದೇ 3 ಇಂಚು ಸೇರಬೇಕು, ಅದೂ ಒಂದೇ ತುದಿಯಲ್ಲಲ್ಲ. ಸಮನಾಗಿ ಹಂಚಿದ್ದರೆ ಮುಂದಿನ ನಡುವಿನಿಂದ ಪಕ್ಕದ ಗುರುತಿನವರೆಗೆ ಎಡಕ್ಕೆ ಮುಕ್ಕಾಲು, ಬಲಕ್ಕೆ ಮುಕ್ಕಾಲು. ಪಕ್ಕದಿಂದ ಹಿಂದಿನ ನಡುವಿಗೂ ಹಾಗೆಯೇ. ತುದಿಯಲ್ಲಿ ಒಟ್ಟಿಗೆ ಸೇರಿಸಿದರೆ ಗುರುತುಗಳೆಲ್ಲ ಜರುಗಿ ಪಕ್ಕದ ಹೊಲಿಗೆ ಹೊಟ್ಟೆಯ ಕಡೆ ಎಳೆಯುತ್ತದೆ.

ಬಟ್ಟೆ

ಸ್ಕರ್ಟಿಗೆ 8ರಿಂದ 10 ಔನ್ಸ್ (ಒಂದು ಚದರ ಗಜದ ತೂಕ) ಡೆನಿಮ್ ಸಾಕು. ಅದಕ್ಕಿಂತ ದಪ್ಪ ತಂದರೆ ನಮ್ಮ ಬಿಸಿಲಿನಲ್ಲಿ ಉಡಲಾಗುವುದಿಲ್ಲ, ಮನೆಯ ಮಷಿನ್ನೂ ಕೇಳುವುದಿಲ್ಲ. ಪ್ಯಾಟರ್ನಿನ ಲಕೋಟೆಯ ಮೇಲಿನ ಬಟ್ಟೆಯ ಲೆಕ್ಕ ಗಜದಲ್ಲಿದೆ, ಅಂಗಡಿಯದು ಮೀಟರಿನಲ್ಲಿ. ಒಂದು ಗಜ 91 ಸೆಂಟಿಮೀಟರ್. 58–60 ಇಂಚು ಪನ್ನಾದ (ಅಗಲದ) ಡೆನಿಮ್ ಆದರೆ 24 ಇಂಚು ಉದ್ದದ ಸ್ಕರ್ಟಿಗೆ ಮುಂದು ಹಿಂದು ಅಕ್ಕಪಕ್ಕ ಕೂರುತ್ತವೆ, ಸಾಮಾನ್ಯವಾಗಿ ಒಂದು ಮೀಟರ್ ಹಿಡಿಯುತ್ತದೆ. 44 ಇಂಚಿನ ಕಾಟನ್‌ಗೆ ಎರಡು ಉದ್ದ ಬೇಕು, ಒಂದೂವರೆ ಮೀಟರ್. ಡೆನಿಮ್ ಕುಗ್ಗುವುದಕ್ಕೆ 10–15 ಸೆಂಟಿಮೀಟರ್ ಹೆಚ್ಚೇ ತನ್ನಿ.

ಕತ್ತರಿಸುವ ಮೊದಲು ಎರಡು ಸಲ ಒಗೆದು ಒಣಗಿಸಿ, ಬಿಳಿ ಬಟ್ಟೆಯ ಜೊತೆ ಮಾತ್ರ ಬೇಡ. ಕುಗ್ಗುವುದು ಒಂದು ಕಾರಣ. ಇನ್ನೊಂದು, ಡೆನಿಮ್ ಓರೆ ನೇಯ್ಗೆಯದು, ಒಗೆದಾಗ ಒಂದು ಬದಿಗೆ ತಿರುಚಿಕೊಳ್ಳುತ್ತದೆ. ಒಗೆಯದೆ ಹೊಲಿದ ಸ್ಕರ್ಟಿನ ಪಕ್ಕದ ಹೊಲಿಗೆ ಕೆಲವು ಒಗೆತದಲ್ಲೇ ಮೊಣಕಾಲಿನ ಮುಂದಕ್ಕೆ ಬಂದಿರುತ್ತದೆ. ಹಾಳೆ ಹಾಸುವಾಗ ಬಾಣದ ಎರಡೂ ತುದಿಯಿಂದ ಬಟ್ಟೆಯ ಅಂಚಿಗೆ ಒಂದೇ ಅಳತೆ ಬರಬೇಕು, ಕಾಲಿಂಚು ವ್ಯತ್ಯಾಸವಾದರೂ ಸ್ಕರ್ಟ್ ಓರೆಯಾಗಿ ತೂಗುತ್ತದೆ.

ಇಳಕಲ್ ಸೀರೆ, ದಡಿಯ ಬಟ್ಟೆಗಳಿಂದ ಹೊಲಿಯುವ ಆಸೆಯಿದ್ದರೆ ಎ-ಲೈನ್ ಪ್ಯಾಟರ್ನ್ ತೆಗೆದುಕೊಳ್ಳಲೇಬೇಡಿ. ಅದರ ಕೆಳಅಂಚು ಬಾಗಿರುತ್ತದೆ, ದಡಿ ನೆಟ್ಟಗಿರುತ್ತದೆ. ನೇರ ಅಂಚಿನ ಸ್ಕರ್ಟ್ ಅಥವಾ ನೆರಿಗೆಯದನ್ನು ಆರಿಸಿ, ದಡಿ ಕೆಳಗೆ ಬರುವಂತೆ ಅಡ್ಡಕ್ಕೆ ಕತ್ತರಿಸಿ.

ಹಳೆಯ ಹಾಸಿಗೆ ಚಾದರದಲ್ಲಿ ಪರೀಕ್ಷೆ

ಡೆನಿಮ್ ಕತ್ತರಿಸುವ ಮೊದಲು ಹಳೆಯ ಬಟ್ಟೆಯಲ್ಲಿ ಒಂದು ಸಲ ಹೊಲಿದು ನೋಡಿ. ಇದಕ್ಕೆ ಸೀರೆಯ ತೆಳು ಬಟ್ಟೆ ಬೇಡ, ತೆಳು ಬಟ್ಟೆಯಲ್ಲಿ ಸರಿಹೋದದ್ದು ಡೆನಿಮ್‌ನಲ್ಲಿ ಬಿಗಿಯಾಗುತ್ತದೆ. ದಪ್ಪ ಚಾದರ ತೆಗೆದುಕೊಂಡು, ಹಿಪ್ ಗೆರೆಯನ್ನು ಪೆನ್ನಿನಿಂದ ಸುತ್ತಲೂ ಎಳೆದು, ಉದ್ದನೆಯ ಕಚ್ಚಾ ಹೊಲಿಗೆ ಹಾಕಿ. ತೊಟ್ಟಾಗ ಆ ಗೆರೆ ನೆಲಕ್ಕೆ ಸಮನಾಗಿ ಇರಬೇಕು. ಇಲ್ಲದಿದ್ದರೆ ಎಲ್ಲಿ ಏರಿದೆಯೋ ಅಲ್ಲಿ ಬಟ್ಟೆ ಸಾಲದು.

ಸೊಂಟದ ಕೆಳಗೆ ಸುತ್ತಲೂ ಅಡ್ಡ ಮಡಿಕೆ ಬಿದ್ದರೆ ಉದ್ದ ಹೆಚ್ಚಾಯಿತು ಎಂದುಕೊಳ್ಳಬೇಡಿ. ಹಿಪ್ಪಿನಲ್ಲಿ ಬಿಗಿಯಾಗಿ, ಸ್ಕರ್ಟ್ ತನಗೆ ಹಿಡಿಸುವ ಜಾಗಕ್ಕೆ ಮೇಲೇರಿದೆ. ಪಕ್ಕ ಬಿಡಿಸಿದ ಕೂಡಲೇ ಅದು ಇಳಿಯುತ್ತದೆ. ಬರೀ ಹಿಂದೆ, ಪಟ್ಟಿಯ ಅಡಿಯಲ್ಲಿ ಒಂದೇ ಮಡಿಕೆ ಇದ್ದರೆ ಅದು ಬೆನ್ನಿನ ಬಾಗು. ಹಿಂದಿನ ನಡುವಿನಲ್ಲಿ ಸೊಂಟದ ಗೆರೆಯನ್ನು ಕಾಲು ಇಂಚಿನಿಂದ ಅರ್ಧ ಇಂಚಿನವರೆಗೆ ಇಳಿಸಿ, ಪಕ್ಕಕ್ಕೆ ಬರುವಷ್ಟರಲ್ಲಿ ಸೊನ್ನೆಯಾಗಲಿ. ಮುಂದಿನ ಕೆಳಅಂಚು ಏರಿ, ಪಕ್ಕದ ಹೊಲಿಗೆ ಮುಂದಕ್ಕೆ ತಿರುಗಿದ್ದರೆ ಹೊಟ್ಟೆ ಬಟ್ಟೆಯನ್ನು ಎಳೆಯುತ್ತಿದೆ, ಮುಂದಿನ ನಡುವಿನಲ್ಲಿ ಸೊಂಟದ ಗೆರೆ ಅರ್ಧ ಇಂಚು ಮೇಲೇರಬೇಕು. ಹಿಂದಿನ ಕೆಳಅಂಚು ಏರಿದರೆ ಹಿಂದಿನ ತುಂಡನ್ನು ಹಿಪ್ ಗೆರೆಯಲ್ಲಿ ನಡುವಿನಿಂದ ಪಕ್ಕದವರೆಗೆ ಸೀಳಿ, ನಡುವಿನಲ್ಲಿ ಬೇಕಾದಷ್ಟು ಅಗಲಿಸಿ ಹಿಂದೆ ಹಾಳೆ ಅಂಟಿಸಿ. ಪಕ್ಕದ ಉದ್ದ ಬದಲಾಗಬಾರದು. ಮೊದಲು ಅಳೆಸಿದ ಆ ಮೂರು ಅಳತೆಗಳನ್ನು ಈಗ ತೆಗೆದು ನೋಡಿ, ಎಷ್ಟು ಏರಿಸಬೇಕು ಎಂಬುದಕ್ಕೆ ಅಲ್ಲೇ ಅಂದಾಜು ಸಿಗುತ್ತದೆ.

ಟಕ್ಸ್ ತುದಿಯಲ್ಲಿ ಗುಳ್ಳೆ ಎದ್ದರೆ ಎರಡು ಕಾರಣ ಇರಬಹುದು. ಹೊಲಿಗೆ ತುದಿಯಲ್ಲಿ ಥಟ್ಟನೆ ಮುಗಿದಿದೆ. ಕೊನೆಯ ಅರ್ಧ ಇಂಚನ್ನು ಮಡಿಕೆಯ ಅಂಚಿಗೆ ತಾಗಿಸಿಕೊಂಡು ಹೋಗಿ, ರಿವರ್ಸ್ ಹೊಡೆಯದೆ ದಾರವನ್ನು ಕೈಯಲ್ಲಿ ಗಂಟು ಹಾಕಿ. ಹಾಗೂ ಹೋಗದಿದ್ದರೆ ಟಕ್ಸ್ ಉದ್ದವಾಗಿದೆ, ಅರ್ಧ ಇಂಚು ಗಿಡ್ಡ ಮಾಡಿ.

ಹೊಲಿಗೆ

ಕತ್ತರಿಸಿದ ಕೂಡಲೇ ಸೊಂಟದ ಅಂಚಿಗೆ ಅರ್ಧ ಇಂಚು ಒಳಗೆ ಒಂದು ಸಾಲು ಹೊಲಿಗೆ ಹಾಕಿಬಿಡಿ, ಇಲ್ಲದಿದ್ದರೆ ಬಾಗಿದ ಅಂಚು ಕೈಯಾಡಿಸುತ್ತಿದ್ದಂತೆ ಹಿಗ್ಗುತ್ತದೆ. 16 ನಂಬರ್ ಸೂಜಿ, 3 ಮಿಲಿಮೀಟರ್ ಹೊಲಿಗೆ. ಟಕ್ಸ್, ಹಿಂದಿನ ನಡು, 7 ಇಂಚಿನ ಜಿಪ್, ಪಕ್ಕ, ಪಟ್ಟಿ, ಅಂಚು ಎಂಬುದು ಕ್ರಮ. ಪ್ರತಿ ಹೊಲಿಗೆಯನ್ನೂ ಇಸ್ತ್ರಿ ಮಾಡಿಯೇ ಮುಂದಿನದಕ್ಕೆ ಹೋಗಿ. ಪಟ್ಟಿಗೆ ತೆಳು ಫ್ಯೂಸಿಂಗ್ ಕ್ಯಾನ್ವಾಸ್ (ಇಸ್ತ್ರಿಯಿಂದ ಅಂಟುವ ಒಳಬಟ್ಟೆ) ಸಾಕು, ಗಟ್ಟಿಯಾದ ಬಕ್ರಂ ಹಾಕಿದರೆ ಕುಳಿತಾಗ ಹೊಟ್ಟೆಗೆ ಚುಚ್ಚುತ್ತದೆ. ಹೊರಗಿನ ಅಲಂಕಾರದ ಸಾಲಿಗೆ ದಪ್ಪ ಜೀನ್ಸ್ ದಾರ ಮೇಲೆ ಮಾತ್ರ ಇರಲಿ, ಬಾಬಿನ್‌ಗೆ ಸಾದಾ ದಾರ.

ಪದರಗಳು ಒಂದರ ಮೇಲೊಂದು ಬರುವ ಕಡೆ ಮಷಿನ್ ಮುಗ್ಗರಿಸಿ ಹೊಲಿಗೆ ಬಿಡುತ್ತದೆ, ಸೂಜಿಯೂ ಮುರಿಯುತ್ತದೆ. ದಪ್ಪ ಏರುವ ಮುನ್ನ ಪಾದದ ಮೂತಿ ಮೇಲೆದ್ದು ಓರೆಯಾಗುವುದೇ ಕಾರಣ. ಡೆನಿಮ್ ಚೂರೊಂದನ್ನು ಅಷ್ಟೇ ದಪ್ಪಕ್ಕೆ ಮಡಚಿ ಪಾದದ ಹಿಂಭಾಗದ ಅಡಿಗೆ ಇಟ್ಟರೆ ಪಾದ ಸಮವಾಗುತ್ತದೆ. ಗಂಟಿನಂಥ ಜಾಗವನ್ನು ಮೊದಲೇ ಬಟ್ಟೆ ಮುಚ್ಚಿ ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿಕೊಳ್ಳಿ. ಅಲ್ಲಿ ಪೆಡಲ್ ತುಳಿಯಬೇಡಿ, ಚಕ್ರವನ್ನು ಕೈಯಿಂದ ತಿರುಗಿಸಿ.

ಕೆಳಅಂಚನ್ನು ಅವಸರದಲ್ಲಿ ಮಡಚಬೇಡಿ. ಎ-ಲೈನ್‌ನ ಪಕ್ಕದ ಬಟ್ಟೆ ಓರೆಗಿರುವುದರಿಂದ ತೂಗಿ ಇಳಿಯುತ್ತದೆ. ಪಟ್ಟಿಗೆ ಕ್ಲಿಪ್ ಹಾಕಿ ಒಂದು ರಾತ್ರಿ ತೂಗುಹಾಕಿ, ಬೆಳಿಗ್ಗೆ ತೊಟ್ಟುಕೊಂಡು ನೆಲದಿಂದ ಮೇಲಕ್ಕೆ ಕೋಲಿನಿಂದ ಸುತ್ತಲೂ ಒಂದೇ ಎತ್ತರಕ್ಕೆ ಚಾಕ್ ಗುರುತು ಹಾಕಿಸಿ. ಸೊಂಟದಿಂದ ಕೆಳಕ್ಕೆ ಅಳೆದರೆ ಹೊಟ್ಟೆ, ಹಿಪ್ಪಿನ ಉಬ್ಬು ಲೆಕ್ಕ ಕೆಡಿಸುತ್ತವೆ. ಡೆನಿಮ್ ಎ-ಲೈನ್‌ಗೆ ಮುಕ್ಕಾಲು ಇಂಚಿಗಿಂತ ಅಗಲದ ಮಡಿಕೆ ಇಟ್ಟರೆ ಒಳಗಿನ ಅಂಚು ಉದ್ದವಾಗಿ ಉಳಿದು ನೆರಿಗೆ ಬೀಳುತ್ತದೆ, ಇಸ್ತ್ರಿಗೂ ಕೂರುವುದಿಲ್ಲ.