ದಿನದ ಉಪ್ಪಿಗೆ ಒಂದು ಬಟ್ಟಲು

ಬೆಳಗ್ಗೆಯೇ ಆ ದಿನದ ಉಪ್ಪನ್ನು ಚಿಕ್ಕ ಬಟ್ಟಲಿಗೆ ಅಳೆದಿಟ್ಟು, ಡಬ್ಬವನ್ನು ಮೇಲಿನ ಶೆಲ್ಫಿಗೆ ಏರಿಸಿಬಿಡಿ. ಒಬ್ಬರಿಗೆ ಮುಕ್ಕಾಲು ಟೀ ಚಮಚದ ಲೆಕ್ಕ. ಸಾರು, ಪಲ್ಯ, ಒಗ್ಗರಣೆ ಅವಲಕ್ಕಿ ಎಲ್ಲಕ್ಕೂ ಆ ಬಟ್ಟಲಿನಿಂದಲೇ. ಮಜ್ಜಿಗೆಗೆ ಸುಮ್ನೆ ಒಂದು ಚಿಟಿಕೆ ಅಂತ ಹಾಕುತ್ತೇವಲ್ಲ, ಅದೂ ಇದರಲ್ಲೇ ಬರಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕೂ ತುಸು ಕಡಿಮೆ. ಉಳಿದ ಚೂರು ಹೊರಗಿನ ತಿಂಡಿಗೆ. ಉಪ್ಪು ಜಾಸ್ತಿಯಾದರೆ ಬಿಪಿ ಏರುತ್ತದೆ. ನಲವತ್ತು, ಐವತ್ತರಲ್ಲಿ ಬಿಪಿ ಹತೋಟಿ ತಪ್ಪಿದರೆ ಮಿದುಳಿನ ಸಣ್ಣ ರಕ್ತನಾಳಗಳು ಹಾಳಾಗಿ, ಮುಂದೆ ಮರೆವಿನ ಕಾಯಿಲೆ ಬರುವ ಸಾಧ್ಯತೆ ಹೆಚ್ಚುತ್ತದೆ. ಹಾಗಂತ ಬಟ್ಟಲೊಂದೇ ಕಾಯಿಲೆ ತಡೆಯುತ್ತದೆ ಅಂತಲ್ಲ. ನಡಿಗೆ, ನಿದ್ದೆ, ಶುಗರ್ ಎಲ್ಲವೂ ಲೆಕ್ಕಕ್ಕಿವೆ. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ದಿನಾ ತಟ್ಟೆಗೆ ಬರುವ ಮನೆಯಲ್ಲಿ ಈ ಉಪಾಯ ನಡೆಯುವುದಿಲ್ಲ, ಅಲ್ಲಿನ ಉಪ್ಪು ಬಟ್ಟಲಿಗೆ ಕಾಣುವುದೇ ಇಲ್ಲ. ಮೊದಲ ಎರಡು ವಾರ ಸಾರು ಸಪ್ಪೆ ಅನ್ನಿಸುತ್ತದೆ, ನಿಂಬೆರಸ ಹಿಂಡಿ. ‘ಕಡಿಮೆ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಅದನ್ನು ಬಳಸಬೇಡಿ. ಬಿಪಿ ಮಾತ್ರೆಯನ್ನಂತೂ ನೀವಾಗಿಯೇ ನಿಲ್ಲಿಸಬೇಡಿ.