ಹಳ್ಳಿಮನೆಗೆ ಇಂಧನ ಕೋಶ: ಲೆಕ್ಕ ಹಾಕಿ ಅಳವಡಿಸುವ ಬಗೆ

ವಿದ್ಯುತ್ ತಂತಿ ತಲುಪದ, ತಲುಪಿದರೂ ನೆಚ್ಚಿಕೊಳ್ಳಲಾಗದ ಊರುಗಳಲ್ಲಿ ಡೀಸೆಲ್ ಜನರೇಟರಿನ ಬದಲು ಇಂಧನ ಕೋಶವನ್ನು ಅಳವಡಿಸಲು ಬಯಸುವವರು ಯಾವ ಕೋಶ ಕೊಳ್ಳಬೇಕೆಂಬ ಪ್ರಶ್ನೆಯಿಂದ ಆರಂಭಿಸುವುದುಂಟು. ಜಲಜನಕವನ್ನು ಉರಿಸದೆಯೇ ಆಮ್ಲಜನಕದೊಂದಿಗೆ ಕೂಡಿಸಿ ವಿದ್ಯುತ್ ಪಡೆಯಬಹುದೆಂದು ಬ್ರಿಟಿಷ್ ವಿಜ್ಞಾನಿ ವಿಲಿಯಂ ಗ್ರೋವ್ 1839ರಷ್ಟು ಹಿಂದೆಯೇ ತೋರಿಸಿದ್ದರು. ಹೀಗೆ ವಿದ್ಯುತ್ ಕೊಡುವ ಸಾಧನವೇ ಇಂಧನ ಕೋಶ. ಕೋಶ ಹಳೆಯದು, ಅದಕ್ಕೆ ಇಂಧನ ಒದಗಿಸುವುದೇ ಇಂದಿಗೂ ಕಷ್ಟದ ಕೆಲಸ.

ಮೊದಲು ಮನೆಯ ದಿನದ ಬಳಕೆಯನ್ನು ಬರೆದುಕೊಳ್ಳಬೇಕು. 9 ವ್ಯಾಟಿನ ಐದು ಬಲ್ಬುಗಳು 5 ಗಂಟೆ, 50 ವ್ಯಾಟಿನ ಎರಡು ಫ್ಯಾನುಗಳು 10 ಗಂಟೆ, ಚಿಕ್ಕ ಫ್ರಿಜ್ಜಿಗೆ ಒಂದು ಯೂನಿಟ್, ಒಂದು ಎಚ್‌ಪಿ ಪಂಪು ಒಂದು ಗಂಟೆ ಎಂದುಕೊಂಡರೆ ಒಟ್ಟು ಸುಮಾರು ಮೂರೂಕಾಲು ಯೂನಿಟ್ ಆಗುತ್ತದೆ. 500 ವ್ಯಾಟಿನ ಕೋಶ ಆರೂವರೆ ಗಂಟೆ ನಡೆದರೆ ಇಷ್ಟು ಸಿಗುತ್ತದೆ. ಆದರೆ ಪಂಪು ಚಾಲೂ ಆಗುವ ಕ್ಷಣದಲ್ಲಿ ಅದರ ಮೋಟಾರು ಮಾಮೂಲಿನ ಐದಾರು ಪಟ್ಟು ಕರೆಂಟು ಎಳೆಯುವುದರಿಂದ, ಆ ಹೊಡೆತವನ್ನು ತಾಳುವ ಬ್ಯಾಟರಿ ಮತ್ತು ಇನ್ವರ್ಟರ್ ಜೊತೆಗಿರಲೇಬೇಕು. ಕೋಶವನ್ನು ಸರಾಸರಿ ಬಳಕೆಗೂ ಬ್ಯಾಟರಿಯನ್ನು ಗರಿಷ್ಠ ಬಳಕೆಗೂ ಲೆಕ್ಕ ಹಾಕುವುದು ಸರಿಯಾದ ಕ್ರಮ.

ಮುಂದಿನದು ಇಂಧನದ ಲೆಕ್ಕ. ಒಂದು ಕಿಲೋ ಜಲಜನಕದಲ್ಲಿ ಸುಮಾರು 33 ಯೂನಿಟ್ ಶಕ್ತಿಯಿದ್ದರೂ ಕೋಶದಲ್ಲಿ ಅರ್ಧದಷ್ಟು ಶಾಖವಾಗಿ ಹೋಗಿ, ಇನ್ವರ್ಟರಿನ ನಷ್ಟವನ್ನೂ ಕಳೆದು ಮನೆಗೆ ಸಿಗುವುದು 14 ಯೂನಿಟ್ ಆಸುಪಾಸು. ಅಂದರೆ ನಮ್ಮ ಮನೆಗೆ ದಿನಕ್ಕೆ ಕಾಲು ಕಿಲೋಗಿಂತ ಸ್ವಲ್ಪ ಕಡಿಮೆ ಸಾಕು. ಅಲ್ಪವೆನಿಸಬಹುದು. ಆದರೆ 47 ಲೀಟರಿನ ಉಕ್ಕಿನ ಸಿಲಿಂಡರಿನಲ್ಲಿ 150 ಬಾರ್ ಒತ್ತಡದಲ್ಲಿ (ಸುತ್ತಲಿನ ಗಾಳಿಯ ಒತ್ತಡದ ಸುಮಾರು 150 ಪಟ್ಟು) ಹಿಡಿಸುವುದೇ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು. ಒಬ್ಬರಿಂದ ಎತ್ತಲಾಗದ ಆ ಭಾರದ ಸಿಲಿಂಡರು ಎರಡೂಕಾಲು ದಿನಕ್ಕೆ ಖಾಲಿ. ಹಾಗಾದರೆ ಸೌರಫಲಕದ ವಿದ್ಯುತ್ತಿನಿಂದ ನೀರನ್ನು ವಿಭಜಿಸಿ ಜಲಜನಕವನ್ನು ಮನೆಯಲ್ಲೇ ತಯಾರಿಸಿದರೆ? ಒಂದು ಕಿಲೋ ತಯಾರಿಸಲು 50ರಿಂದ 55 ಯೂನಿಟ್ ಬೇಕು, ಮರಳಿ ಬರುವುದು ಅದೇ 14. ಬ್ಯಾಟರಿಯಾದರೆ ಹಾಕಿದ್ದರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಹಿಂದಿರುಗಿಸುತ್ತದೆ. ಆದ್ದರಿಂದ ದಿನನಿತ್ಯದ ರಾತ್ರಿ ಬಳಕೆಗೆ ಬ್ಯಾಟರಿಯನ್ನೇ ಇಟ್ಟುಕೊಂಡು, ವಾರಗಟ್ಟಲೆ ಮೋಡ ಕವಿದಾಗ ಮಾತ್ರ ಕೋಶವನ್ನು ನಡೆಸುವುದೇ ಜಾಣತನವೆಂದು ನನಗೆ ತೋರುತ್ತದೆ. ಜಲಜನಕದ ಬದಲು ಮೆಥನಾಲ್‌ನಿಂದ ನಡೆಯುವ ಕೋಶಗಳೂ ಉಂಟು; ಅದು ದ್ರವವಾದ್ದರಿಂದ ಸಾಗಿಸಲು ಸುಲಭ, ಆದರೆ ವಿಷ. ಎಲ್‌ಪಿಜಿ ಅಥವಾ ಗೋಬರ್ ಗ್ಯಾಸಿನಿಂದ ನಡೆಯುವ ಘನ ಆಕ್ಸೈಡ್ ಕೋಶಗಳೂ (ಒಳಗೆ ಸೆರಾಮಿಕ್ ಪದರವಿರುವಂಥವು) ಇವೆ. ಅವುಗಳಿಗೆ ಅನಿಲದಲ್ಲಿನ ಗಂಧಕವನ್ನು ಮೊದಲೇ ತೆಗೆಯಬೇಕು, ಮತ್ತು 600 ಡಿಗ್ರಿಗೂ ಮೀರಿ ಕಾಯುವ ಅವನ್ನು ದಿನವೂ ಹಚ್ಚಿ ಆರಿಸುವಂತಿಲ್ಲ.

ಇನ್ನು ಜಾಗ. ಜಲಜನಕಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಗಾಳಿಯಲ್ಲಿ ನೂರಕ್ಕೆ 4ರಿಂದ 75ರಷ್ಟು ಬೆರೆತಿದ್ದರೆ ಕಿಡಿ ತಾಗಿದೊಡನೆ ಹೊತ್ತಿಕೊಳ್ಳುತ್ತದೆ. ಎಲ್‌ಪಿಜಿಯಂತೆ ನೆಲಕ್ಕಿಳಿಯದೆ ಮೇಲಕ್ಕೇರುವುದರಿಂದ ಸಿಲಿಂಡರುಗಳನ್ನು ಮನೆಯ ಹೊರಗೆ, ಮಾಡಿನ ಅತಿ ಎತ್ತರದಲ್ಲಿ ಗಾಳಿಕಿಂಡಿಯಿರುವ ಶೆಡ್ಡಿನಲ್ಲಿ ನಿಲ್ಲಿಸಿ, ಸೋರಿಕೆ ಸೂಚಕವನ್ನೂ ಮೇಲ್ಗಡೆಯೇ ಕೂರಿಸಬೇಕು. ಎಲ್‌ಪಿಜಿಯ ರೆಗ್ಯುಲೇಟರು, ರಬ್ಬರ್ ಪೈಪು ಇಲ್ಲಿ ಸಲ್ಲವು. ಸಿಲಿಂಡರ್ ಬದಲಿಸಿದಾಗಲೆಲ್ಲ ಜೋಡಣೆಗಳಿಗೆ ಸಾಬೂನು ನೀರು ಸವರಿ ಗುಳ್ಳೆ ಏಳುತ್ತದೆಯೇ ಎಂದು ನೋಡಬೇಕು. ಹಳ್ಳಿಯಲ್ಲಿ ಸುಲಭವಾಗಿ ಮರೆತುಹೋಗುವ ಇನ್ನೊಂದು ಸಂಗತಿಯೆಂದರೆ, ಕೋಶವು ಗಾಳಿ ಎಳೆದುಕೊಳ್ಳುವ ಬಾಯಿ ದನದ ಕೊಟ್ಟಿಗೆಯ ಕಡೆಗಿರಬಾರದು; ಗಂಜಲದಿಂದ ಏಳುವ ಅಮೋನಿಯಾ, ಕೋಶದೊಳಗೆ ಜಲಜನಕವನ್ನೂ ಗಾಳಿಯನ್ನೂ ಬೇರ್ಪಡಿಸುವ ಪೊರೆಯನ್ನು ಕೆಡಿಸುತ್ತದೆ.

ಕೋಶ ನಡೆಯುವಾಗ ನೀರೂ ಬರುತ್ತದೆ, ನಮ್ಮ ಲೆಕ್ಕಕ್ಕೆ ದಿನಕ್ಕೆ ಸುಮಾರು ಎರಡು ಲೀಟರ್. ಅದು ಆವಿಯಾಗಿಯೋ ಹನಿಯಾಗಿಯೋ ಹೊರಹೋಗುವ ಕೊಳವೆ ಕಟ್ಟಿಕೊಳ್ಳದಂತೆ ನೋಡಿಕೊಳ್ಳಬೇಕು. ನಾವು ಕೊಳ್ಳುವ ಘಟಕದೊಳಗಿನ ಒಂದೊಂದು ಬಿಡಿ ಕೋಶ ಕೊಡುವುದು 0.6ರಿಂದ 0.7 ವೋಲ್ಟ್ ಮಾತ್ರವಾದ್ದರಿಂದ 48 ವೋಲ್ಟಿನ ಘಟಕದಲ್ಲಿ ಎಪ್ಪತ್ತರಷ್ಟು ಕೋಶಗಳು ಒಂದರ ಹಿಂದೊಂದು ಒತ್ತಾಗಿ ಜೋಡಣೆಗೊಂಡಿರುತ್ತವೆ. ತಿಂಗಳಿಗೊಮ್ಮೆ, ಪ್ರತಿ ಸಲವೂ ಒಂದೇ ಪ್ರಮಾಣದ ಲೋಡು ಹಾಕಿ ಒಟ್ಟು ವೋಲ್ಟೇಜನ್ನು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಬೇಕು. ಮೊದಲ ದಿನದ ಅಳತೆಗಿಂತ ಅದು ನೂರಕ್ಕೆ ಹತ್ತರಷ್ಟು ಕುಸಿದಾಗ ಘಟಕದ ಆಯುಷ್ಯ ಮುಗಿಯಿತೆಂದು ಎಣಿಸುವುದು ವಾಡಿಕೆ.